ಅಮೀನಗಡ ದಾಟಿದ ಮೇಲೆ

ಹುನಗುಂದದ ಕುರುಬರ ಓಣಿಗೆ ಆ ಕೆಂಪು ಗಾಡಿ ಬಂದದ್ದು ಎಪ್ಪತ್ತೆಂಟನೆಯ ಇಸವಿಯ ಶಿವರಾತ್ರಿ ಮುಗಿದ ಮೂರನೆಯ ದಿನ. ಎರಡೇ ಸೀಟು, ಮೇಲೆ ಟಾಪಿಲ್ಲ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ವಿಲಾಯತಿ ಗಾಡಿ. ಒಂದು ಕಾಲಕ್ಕೆ ಯಾವುದೋ ಸಣ್ಣ ಸಂಸ್ಥಾನದ ಯುವರಾಜ ಅದನ್ನು ರೇಸಿಗೆ ಓಡಿಸುತ್ತಿದ್ದನಂತೆ. ಅಂಥದ್ದರೊಳಗಿಂದ ಖಾಕಿ ಅಂಗಿ, ಬಿಳಿ ಟೊಪ್ಪಿಗೆಯ ಅರವತ್ತರ ಅಮಸಿದ್ದಪ್ಪ ಇಳಿದದ್ದನ್ನು ಕಂಡು ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರುದಿನ ಅದೇ ಗಾಡಿಯ ಎಡಗಡೆಯ ಸೀಟಿನಲ್ಲಿ ಜೋಳದ ಚೀಲ ಕೂತುಕೊಂಡು ಗಿರಣಿಗೆ ಹೋದಾಗ ಗಂಡಸರೂ ನಕ್ಕರು.

ಅಮಸಿದ್ದಪ್ಪ ಬಾಗಲಕೋಟೆಯ ಹತ್ತಿ ಸಾಹುಕಾರರ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಡ್ರೈವರಾಗಿದ್ದವನು. ಸರಕಾರ ಅರಸರಿಗೆ ಕೊಡುತ್ತಿದ್ದ ತನಖಾ ನಿಂತ ವರ್ಷ ಸಾಹುಕಾರರ ಮಗ ಚೈನಿಗೆಂದು ಈ ಗಾಡಿ ಕೊಂಡು ತಂದ. ಎರಡು ವರ್ಷಕ್ಕೆ ಬೇಸರ ಬಂದು ಶೆಡ್ಡಿನಲ್ಲಿ ನಿಲ್ಲಿಸಿದ. ಅದನ್ನು ದಿನಾ ಒರೆಸಿ, ವಾರಕ್ಕೊಮ್ಮೆ ಚಾಲೂ ಮಾಡಿ ಜೀವ ಉಳಿಸಿದವನು ಅಮಸಿದ್ದಪ್ಪ. ನಿವೃತ್ತಿಯ ದಿನ ಸಾಹುಕಾರರು, ರೊಕ್ಕ ಬೇಕೋ ಆ ಗಾಡಿ ಬೇಕೋ ಎಂದು ಕೇಳಿದರು. ಇವನು ಗಾಡಿ ಬೇಕೆಂದ. ಬುದ್ಧಿ ಇದ್ದವರು ರೊಕ್ಕ ಅನ್ನುತ್ತಿದ್ದರು. ಆದರೆ ಮೂವತ್ತನಾಲ್ಕು ವರ್ಷ ಪರರ ಗಾಡಿ ಓಡಿಸಿದವನಿಗೆ ತನ್ನದೊಂದು ಬೇಕು ಅನಿಸಿದ್ದರಲ್ಲಿ ತಪ್ಪೇನಿದೆಯೋ ನನಗಂತೂ ಕಾಣುವುದಿಲ್ಲ.

ಮಗ ಮಲಕಪ್ಪನಿಗೆ ಕಂಡಿತು. ಅವನು ಬಸ್ ಸ್ಟ್ಯಾಂಡಿನ ಹತ್ತಿರ ಪರರ ಗಿರಣಿಯಲ್ಲಿ ಹಿಟ್ಟು ಬೀಸುವ ಆಳು. ಸಂಜೆ ಮನೆಗೆ ಬಂದರೆ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ ಅಪ್ಪನಿಗಿಂತ ಮುದುಕನಾಗಿ ಕಾಣುತ್ತಿದ್ದ. ಅಪ್ಪನ ರೊಕ್ಕ ಬಂದರೆ ಓಣಿಯಲ್ಲಿ ಸ್ವಂತ ಗಿರಣಿ ಹಾಕಬೇಕೆಂದು ಐದು ವರ್ಷ ಕಾದಿದ್ದ. ಮೊದಲ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಲೇ ಶುರು ಮಾಡಿದ.

“ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ ಅಂದಂಗಾತು. ನಾಲ್ಕು ಮಂದಿ ಇರೋ ಮನಿಗೆ ಎರಡು ಸೀಟಿನ ಗಾಡಿ ಯಾಕ್ ಬೇಕಿತ್ತ ಯಪ್ಪಾ?”

“ಇಬ್ಬರಿಗಂತನ ತಂದೇನಿ,” ಎಂದ ಅಮಸಿದ್ದಪ್ಪ. “ನನಗ, ನಿಮ್ಮವ್ವಗ.”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಲಗಮವ್ವನ ಕೈ ಒಂದು ಕ್ಷಣ ನಿಂತು ಮತ್ತೆ ಬಡಿಯತೊಡಗಿತು. ಸೊಸೆ ಸೋಮವ್ವ ಬಾಗಿಲ ಮರೆಯಲ್ಲಿ ನಿಂತು ಝುಣಕದ ಪಾತ್ರೆ ಮುಂದೆ ಸರಿಸಿದಳು. ಮಾವನ ಎದುರು ಬಂದು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಳು ಹೇಳುವುದನ್ನೆಲ್ಲ ಅತ್ತೆಗೆ ಹೇಳುತ್ತಿದ್ದಳು, ಅತ್ತೆ ಮಾವನಿಗೆ ಮುಟ್ಟಿಸುತ್ತಿದ್ದಳು.

ಲಗಮವ್ವ ಹದಿನೈದು ದಿನ ಆ ಗಾಡಿ ಹತ್ತಲಿಲ್ಲ. ಗಂಡನ ಬಾಜೂಕ ಕೂತು ಊರ ನಡುವೆ ಹಾಯ್ದು ಹೋಗುವುದೆಂದರೆ ಮುಖ ಎಲ್ಲಿಡಬೇಕು ಎಂಬುದು ಅವಳ ತಕರಾರು. ಮದುವೆಯಾಗಿ ನಲವತ್ತು ವರ್ಷವಾಗಿದ್ದರೂ ಗಂಡ ಮನೆಯಲ್ಲಿದ್ದದ್ದು ಭಾನುವಾರ ಭಾನುವಾರ. ಆ ಭಾನುವಾರಗಳಲ್ಲೂ ಅವನು ಕಟ್ಟೆಯ ಮೇಲೆ, ಅವಳು ಒಲೆಯ ಮುಂದೆ. ಎರಡು ಅಂಕಣದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ತಲೆ ಮೇಲೆ ಸೆರಗು ಹೊದ್ದು ಊರ ಹೊರಗಿನ ಬಾವಿಯವರೆಗೆ ನಡೆದು ಹೋಗುವುದು, ಅಲ್ಲಿ ಗಾಡಿ ಹತ್ತುವುದು; ಬರುವಾಗ ಬಾವಿಯ ಹತ್ತಿರ ಇಳಿದು ನಡೆದು ಬರುವುದು. ಸೀಟಿನ ಮೇಲೆ ಒಂದು ಕರಿ ಕಂಬಳಿ ಹಾಸಿದಳು, ಮುಂದಿನ ತಗಡಿಗೆ ಮನೆದೇವರು ಬೀರಪ್ಪನ ಭಂಡಾರದ ಅರಿಸಿಣ ಹಚ್ಚಿದಳು. ಹತ್ತಿ ಕೂತರೆ ಮಾತ್ರ ಹುಡುಗಿಯಂತಾಗುತ್ತಿದ್ದಳು. ಇಳಕಲ್ ಸಂತೆಗೆ ಹೋಗಿಬಂದ ದಿನ ಮೂರು ಹೊತ್ತೂ ಸೊಸೆಗೆ ಅದೇ ಸುದ್ದಿ.

ಇಲ್ಲಿ ಅಮಸಿದ್ದಪ್ಪನ ಕಸುಬಿನ ಒಂದು ಸಂಗತಿ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ದೊಡ್ಡ ಸಾಹುಕಾರರು ಅವನಿಗೆ, ಡ್ರೈವರನಿಗೆ ಕಣ್ಣು, ಕೈ, ಕಾಲು ಸಾಕು, ಕಿವಿ ಬೇಡ ಎಂದಿದ್ದರು. ಅವನು ಅದನ್ನು ದೇವರ ಮಾತಿನಂತೆ ಪಾಲಿಸಿದ. ಹಿಂದಿನ ಸೀಟಿನಲ್ಲಿ ಅಣ್ಣತಮ್ಮಂದಿರು ಪಾಲಿಗಾಗಿ ಕಚ್ಚಾಡಿದರು, ಸೊಸೆಯಂದಿರು ಅತ್ತರು, ವಕೀಲರು ಗುಟ್ಟು ಹೇಳಿದರು. ಇವನು ಎಂಜಿನ್ನಿನ ಸಪ್ಪಳವೊಂದನ್ನೇ ಕೇಳುತ್ತ ಹೋದ. ಒಮ್ಮೆ ಆ ಮನೆಯ ಪಾಲಿನ ಖಟ್ಲೆಯಲ್ಲಿ ಇವನನ್ನೇ ಸಾಕ್ಷಿಗೆ ಕರೆದರು. ದೇವರ ಮೇಲೆ ಆಣೆ ಮಾಡಿ, ನನಗೇನೂ ಕೇಳಿಸಿಲ್ಲ ಎಂದ. ಕೋರ್ಟಿನಲ್ಲಿದ್ದವರೆಲ್ಲ ಉಪ್ಪುಂಡ ಮನೆಗಾಗಿ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡರು. ಅವನು ಹೇಳಿದ್ದು ಖರೆ. ಗೇರು ಹಾಕಿ ಗಾಡಿ ಉರುಳಿತೆಂದರೆ ಮನುಷ್ಯರ ಮಾತು ಅವನ ಕಿವಿಯೊಳಗೆ ಇಳಿಯುವುದೇ ನಿಂತುಹೋಗಿತ್ತು. ಅದೇ ಕಿವಿಗೆ ಎಂಜಿನ್ನಿನ ಒಂದು ಬೋಲ್ಟು ಸಡಿಲಾದರೆ ತಿಳಿಯುತ್ತಿತ್ತು. ಬಾಗಲಕೋಟೆಯ ಮೇಸ್ತ್ರಿ ಅಹ್ಮದಸಾಬ, ನಿನ್ನ ಕಿವಿ ನನಗೆ ಕೊಟ್ಟು ಹೋಗಪ್ಪ ಎಂದು ಚೇಷ್ಟೆ ಮಾಡುತ್ತಿದ್ದ.

ಬಸವ ಜಯಂತಿಯ ಮರುದಿನ ಗಂಡ ಹೆಂಡತಿ ಬಾದಾಮಿಯ ಬನಶಂಕರಿಗೆ ಹೊರಟರು. ಅಮೀನಗಡದಲ್ಲಿ ನಿಲ್ಲಿಸಿ ಅಮಸಿದ್ದಪ್ಪ ಅರ್ಧ ಸೇರು ಕರದಂಟು ಕೊಡಿಸಿದ. ಊರು ದಾಟಿದ ಮೇಲೆ ಮುಂದೆ ಜೋಳದ ದಂಟಿನ ಕಣಿಕೆ ತುಂಬಿದ ಬಂಡಿಗಳ ಸಾಲು, ದಾರಿ ತುಂಬ ಹರಡಿಕೊಂಡು ಹೋಗುತ್ತಿತ್ತು. ಗಾಡಿ ಎತ್ತಿನ ನಡಿಗೆಗೆ ಇಳಿಯಿತು. ಗಾಳಿಯ ಸದ್ದು ನಿಂತಿತು. ಲಗಮವ್ವ ಒಂದು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಅಲ್ಲಿ, ಮುಂದಿನ ಬಂಡಿಯ ಕಣಿಕೆ ನೋಡುತ್ತ ಹೇಳಿದಳು. ಎದೆಯಲ್ಲಿ ಅಡಿಕೆಯಷ್ಟು ಒಂದು ಗಂಟಾಗಿದೆ, ಉಗಾದಿಗಿಂತ ಮುಂಚಿನಿಂದ ಇದೆ, ನೋಯುವುದಿಲ್ಲ, ಆದರೆ ದೊಡ್ಡದಾಗುತ್ತಿದೆ.

“ಸೋಮವ್ವಗ ಹೇಳಾಕ ನಾಚಿಕಿ ಬರ್ತೈತ್ರಿ. ಬಾಗಲಕೋಟಿ ದವಾಖಾನ್ಯಾಗ ಹೆಣ್ಣ ಡಾಕ್ಟರ ಅದಾಳಂತ. ಒಮ್ಮಿ ತೋರಿಸೂನೇನ್ರಿ?”

ಅಮಸಿದ್ದಪ್ಪ ಗೇರು ಬದಲಿಸಿದ. ಬಂಡಿಗಳನ್ನು ಒಂದೊಂದಾಗಿ ದಾಟಿಸಿ, ರಸ್ತೆ ಖಾಲಿಯಾದ ಮೇಲೆ ಜೋರು ಬಿಟ್ಟ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬನಶಂಕರಿ ಗುಡಿಯ ಮುಂದೆ ಅವನು ಇಳಿದು ಸುತ್ತು ಹಾಕಿ ಬಂದು, ಸಾಹುಕಾರರ ಹೆಂಡತಿಗೆ ತೆರೆಯುತ್ತಿದ್ದಂತೆಯೇ ಬಾಗಿಲು ತೆರೆದು ನಿಂತ. ಲಗಮವ್ವ ಅವನ ಮುಖ ನೋಡಿದಳು. ಕೇಳಿಯೂ ಸುಮ್ಮನಿದ್ದಾನೆಂದರೆ ಅಂಥ ದೊಡ್ಡದಲ್ಲ ಅಂತಲೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನದ ಕೆಳಗೆ ಸಂಕಟವೂ ಇತ್ತು. ದೇವಿಗೆ ಕಾಯಿ ಒಡೆಸುವಾಗ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಅವನು ಭಕ್ತಿ ಅಂದುಕೊಂಡ.

ಕಾರಹುಣ್ಣಿಮೆಯ ಮುಂದೆ, ಇಳಕಲ್ಲಿನಿಂದ ಬರುವಾಗ, ಇನ್ನೊಂದು ಸಲ ಹೇಳಿ ನೋಡಿದಳು. ಆಗಲೂ ಅವನು ರಸ್ತೆ ನೋಡುತ್ತಿದ್ದ. ಮೂರನೆಯ ಸಲ ಹೇಳಲಿಲ್ಲ. ಹೆಣ್ಣುಮಕ್ಕಳಿಗೂ ಮಾನ ಅನ್ನುವುದು ಒಂದಿರುತ್ತದೆ.

ಆ ಮಳೆಗಾಲ ಮನೆಯಲ್ಲಿ ಗಾಡಿಯದೇ ಜಗಳ. ಗಾಡಿ ಒಳಗೆ ನೆನೆಯಬಾರದೆಂದು ಅಮಸಿದ್ದಪ್ಪ ಆಡು ಕಟ್ಟುವ ಛಪ್ಪರವನ್ನು ಅದಕ್ಕೆ ಬಿಡಿಸಿದ. ಆಡು ಪಡಸಾಲೆಗೆ ಬಂತು, ಹಿಕ್ಕೆ ಬಳಿಯುವ ಕೆಲಸ ಸೋಮವ್ವನಿಗೆ ಬಂತು. ಗಾಡಿ ಸಣ್ಣಗೆ ಕೆಮ್ಮುತ್ತದೆಂದು ಅವನು ಅಹ್ಮದಸಾಬನ ಹತ್ತಿರ ಒಯ್ದು ಮೂರು ದಿನ ಅಲ್ಲೇ ಕೂತು ಎಂಜಿನ್ ಬಿಚ್ಚಿಸಿದ. ಮಲಕಪ್ಪ ತಾಯಿಗೆ, ನೀನೂ ಒಂದು ಮಾತು ಹೇಳಬಾರದೇನವ್ವ ಎಂದು ದುಂಬಾಲು ಬಿದ್ದ. ನನ್ನ ಮಾತು ಎಲ್ಲಿ ನಡೆಯುತ್ತದೆ ಬಿಡಪ್ಪ ಎಂದಳು ಅವಳು. ಅಷ್ಟು ಕಹಿಯಾಗಿ ಅವಳು ಮಾತಾಡಿದ್ದನ್ನು ಮಗ ಎಂದೂ ಕೇಳಿರಲಿಲ್ಲ.

ನಾಗರಪಂಚಮಿಗೆ ಮನೆಯಲ್ಲಿ ಉಂಡಿ ಕಟ್ಟಿದ್ದರು. ಹಬ್ಬದ ಮುಂಜಾನೆ ಲಗಮವ್ವನಿಗೆ ಕೈ ಎತ್ತಲಾಗದೆ ತಲೆಗೆ ಎರೆದುಕೊಳ್ಳಲು ಕಷ್ಟವಾಯಿತು. ಸೋಮವ್ವ ಒತ್ತಾಯದಿಂದ ಬಚ್ಚಲಿಗೆ ಹೋಗಿ ನೀರು ಹಾಕಿದಳು. ಬೆನ್ನು ತಿಕ್ಕುತ್ತ ಕಂಕುಳಿನಿಂದ ಎದೆಯ ಕಡೆ ಕೈ ಹೋದಾಗ ಅವಳ ಕೈಯೊಳಗಿನ ತಂಬಿಗೆ ಬಿತ್ತು. ಗಂಟು ಅಡಿಕೆ ದಾಟಿ ಲಿಂಬೆಹಣ್ಣಾಗಿತ್ತು, ಮೇಲಿನ ಚರ್ಮ ಕಪ್ಪಾಗಿತ್ತು. ಯಾರಿಗೂ ಹೇಳಲಿಲ್ಲವೇ ಎಂದು ಅವಳು ಅಳುತ್ತ ಕೇಳಿದರೆ ಅತ್ತೆ, ನಿಮ್ಮ ಮಾವನವರಿಗೆ ಎರಡು ಸಲ ಹೇಳೇನಿ ಎಂದಳು.

ಸೋಮವ್ವ ಗಂಡನಿಗೆ ಹೇಳಿದಳು. ಮಲಕಪ್ಪ ಕೈಯಲ್ಲಿದ್ದ ಉಂಡಿ ಹಾಗೇ ಇಟ್ಟು ಹೊರಗೆ ಬಂದ. ಅಮಸಿದ್ದಪ್ಪ ಗಾಡಿಯ ದೀಪ ಒರೆಸುತ್ತಿದ್ದ.

“ಗಾಡಿ ಕೆಮ್ಮಿದ್ರ ಮೂರು ದಿನ ದವಾಖಾನ್ಯಾಗ ಇಟ್ಟಿ. ಅವ್ವ ಎರಡು ಸಲ ಬಾಯಿಬಿಟ್ಟು ಹೇಳ್ಯಾಳ. ನಿನಗ ಮನಸ ಐತೇನ ಯಪ್ಪಾ?”

ಅಮಸಿದ್ದಪ್ಪನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ, ನನಗೆ ಯಾರೂ ಹೇಳಿಲ್ಲ ಎಂದ. ಒಳಗಿನಿಂದ ಲಗಮವ್ವ ಒದ್ದೆ ಕೂದಲಲ್ಲೇ ಬಾಗಿಲಿಗೆ ಬಂದಳು.

“ಹೇಳೇನ್ರಿ. ಬಾದಾಮಿಗೆ ಹೋಗಬೇಕಾದ್ರ, ಅಮೀನಗಡ ದಾಟಿದ ಮ್ಯಾಲ. ಮುಂದ ಕಣಿಕಿ ಬಂಡಿ ಹೊಂಟಿದ್ವು.”

ಕಣಿಕೆ ಬಂಡಿಗಳು ಅವನಿಗೆ ನೆನಪಿದ್ದವು. ಏಳು ಬಂಡಿ, ಎರಡನೆಯದರ ಅಚ್ಚು ಕಿರುಗುಡುತ್ತಿದ್ದದ್ದೂ ನೆನಪಿತ್ತು. ಹೆಂಡತಿ ಮಾತಾಡಿದ್ದು ನೆನಪಿರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟ.

ಬಾಗಲಕೋಟೆಯ ಡಾಕ್ಟರಬಾಯಿ ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಲು ಹೇಳಿದಳು. ಮಲಕಪ್ಪ ಅಪ್ಪನ ಗಾಡಿ ಬೇಡವೆಂದು ಹಟ ಹಿಡಿದು ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ದ. ಅಪ್ಪ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋದ. ಅಲ್ಲಿಯ ಡಾಕ್ಟರು ನೋಡಿ, ಮೂರು ತಿಂಗಳ ಹಿಂದೆ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗ ಒಳಗೆಲ್ಲ ಹಬ್ಬಿದೆ ಎಂದರು. ನೋವಿಗೆ ಇಂಜೆಕ್ಷನ್ ಬರೆದುಕೊಟ್ಟು, ಬಾಗಲಕೋಟೆಯಲ್ಲಿ ವಾರಕ್ಕೆರಡು ಸಲ ಮಾಡಿಸಿ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂಥ ಕೆಲಸ ಅದು.

ಬಸ್ಸಿನ ಕುಲುಕಾಟ ಲಗಮವ್ವನ ಮೈಗೆ ತಡೆಯಲಿಲ್ಲ. ಹೀಗಾಗಿ ಮತ್ತೆ ಆ ಕೆಂಪು ಗಾಡಿಯೇ ಬೇಕಾಯಿತು. ಈಗ ಅವಳು ಬಾವಿಯವರೆಗೆ ನಡೆಯಲಾರಳು. ಮನೆಯ ಮುಂದೆಯೇ ಹತ್ತಿ, ಗಂಡನ ಬಾಜೂಕ ಕೂತು, ಊರ ನಡುವೆ ಹಾಯ್ದು ಹೋದಳು. ಯಾರೂ ನಗಲಿಲ್ಲ.

ಮೊದಲ ದಿನವೇ ಅಮಸಿದ್ದಪ್ಪ ರಸ್ತೆ ಪಕ್ಕದ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅವಳ ಕಡೆ ತಿರುಗಿ ಕೂತ. ಸಾಹುಕಾರರ ಮಾತು, ಕೋರ್ಟಿನ ಸಾಕ್ಷಿ, ತನ್ನ ಕಿವಿಯ ಸಂಗತಿ ಎಲ್ಲ ಬಿಡಿಸಿ ಹೇಳಿದ. ನಲವತ್ತು ವರ್ಷದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಲಗಮವ್ವ ಪೂರ್ತಿ ಕೇಳಿದಳು.

“ಸಾಹುಕಾರ್ರ ಮನಿ ಮಾತು ಕಿವಿಗೆ ಹಾಕ್ಕೋಬಾರದಿತ್ತು, ಖರೆ,” ಎಂದಳು. “ನಾ ಏನ್ ಸಾಹುಕಾರ್ತೇನ್ರಿ? ಒಂದ್ ಗೇಣ ದೂರ ಕುಂತಾಕಿ ಆಡಿದ್ದು ಕೇಳಿಸಲಿಲ್ಲಂದ್ರ ಹ್ಯಾಂಗ ನಂಬಲಿ?”

ನಂಬಿಸಲಾಗದ ಸತ್ಯಕ್ಕಿಂತ ಸುಳ್ಳೇ ಎಷ್ಟೋ ವಾಸಿ, ಕ್ಷಮಿಸು ಅಂದಾದರೂ ಕೇಳಬಹುದು. ಹೆಂಡತಿ ಸಾಯುತ್ತಾಳೆ ಅನ್ನುವುದು ಒಂದು ದುಃಖವಾದರೆ, ನನ್ನ ಗಂಡನಿಗೆ ನನ್ನ ಜೀವದ ಕಿಮ್ಮತ್ತಿರಲಿಲ್ಲ ಅಂದುಕೊಂಡೇ ಸಾಯುತ್ತಾಳೆ ಅನ್ನುವುದು ಇನ್ನೊಂದು. ಆ ಎರಡನೆಯದೇ ಅವನ ಅನ್ನ ತಪ್ಪಿಸಿತು. ಮಗ ಎದುರು ಕೂತು ಉಣ್ಣುವುದನ್ನು ಬಿಟ್ಟಿದ್ದ. ಸೋಮವ್ವ ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತಿಗೆ ರೊಟ್ಟಿ ಬಡಿದು ಬಡಿದು ಸೋತಳು.

ಆದರೂ ವಾರಕ್ಕೆರಡು ಸಲ ಗಾಡಿ ಹೋಗಲೇಬೇಕು. ದಾರಿಯಲ್ಲಿ ಅವಳಿಗೆ ನೀರು ಬೇಕೆನಿಸಿದರೆ, ನೋವೆದ್ದರೆ, ಅವನಿಗೆ ತಿಳಿಯುವುದು ಹೇಗೆ? ಒಂದು ದಿನ ನೋವು ತಡೆಯದೆ ಅವಳು ಮುಂದಿನ ತಗಡಿಗೆ ಬಳೆಗೈ ಬಡಿದಳು. ಅಮಸಿದ್ದಪ್ಪ ತಟ್ಟನೆ ಬ್ರೇಕು ಹಾಕಿದ. ತಗಡಿನ ಸಪ್ಪಳ ಅವನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅದೇ ರೂಢಿಯಾಯಿತು. ಅವಳು ಬಳೆ ಬಡಿಯುವುದು, ಅವನು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ತಿರುಗುವುದು. ನೀರು ಬೇಕು ಎಂಬಲ್ಲಿಂದ ಶುರುವಾಗಿ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಮಲಕಪ್ಪ ಹುಟ್ಟಿದ ದಿನ ಮನೆಯಲ್ಲಿ ಎಣ್ಣೆ ಇರಲಿಲ್ಲ. ಮೊದಲ ಮಗಳು ಬೋರವ್ವ ಜ್ವರದಲ್ಲಿ ಹೋದಾಗ ಇವನು ಸಾಹುಕಾರರನ್ನು ಮುಂಬೈಗೆ ಕರೆದೊಯ್ದಿದ್ದ. ಅವಳು ಸಾಯುವ ಮುಂದೆ ಅಪ್ಪ ಎಂದು ಕರೆದಿದ್ದಳು. ಎಣ್ಣೆಯ ಸಂಗತಿಯೂ ಆ ಕರೆಯೂ ಅವನಿಗೆ ಗೊತ್ತಿರಲಿಲ್ಲ. ಹೋಗಿಬರುವ ಲಾರಿಯವರು ನಿಲ್ಲಿಸಿ, ಗಾಡಿ ಕೆಟ್ಟಿತೇನಜ್ಜ ಎಂದು ಕೇಳುತ್ತಿದ್ದರು.

“ಹಿಂಗ ನಿಂದ್ರಿಸಿಕೋತ ಹೋದ್ರ ಬಾಗಲಕೋಟಿ ಮುಟ್ಟೋದು ಯಾವಾಗ?” ಎಂದು ಅವಳು ಒಮ್ಮೊಮ್ಮೆ ನಗುತ್ತಿದ್ದಳು. ನಕ್ಕರೂ, ಆ ಒಂದು ಮಾತಿನ ವಿಷಯ ಬಂದರೆ ಮುಖ ಆಚೆ ತಿರುಗಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ದಿನ, ಇಂಜೆಕ್ಷನ್ ಮಾಡಿಸಿಕೊಂಡು ಬರುವಾಗ, ಅಮೀನಗಡದ ಹತ್ತಿರ ಕುರಿಯ ದೊಡ್ಡ ಹಿಂಡು ರಸ್ತೆಗೆ ಅಡ್ಡ ಬಂತು. ಗಾಡಿ ಹಿಂಡಿನ ಹಿಂದೆ ಮೆಲ್ಲಗೆ ಉರುಳತೊಡಗಿತು. ಗಾಳಿ ಇಲ್ಲ, ಜೋರು ಇಲ್ಲ. ಲಗಮವ್ವ ಗಂಡನನ್ನು ಒಮ್ಮೆ ನೋಡಿದಳು. ಬಳೆ ಬಡಿಯಲಿಲ್ಲ. ರಸ್ತೆ ನೋಡುತ್ತ, ಅಂದು ಕಣಿಕೆ ಬಂಡಿಗಳ ಹಿಂದೆ ಹೇಳಿದಷ್ಟೇ ದನಿಯಲ್ಲಿ, ಏನೋ ಒಂದು ಮಾತು ಹೇಳಿದಳು. ಸಣ್ಣ ಮಾತಲ್ಲ, ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಹಿಂಡು ದಾಟಿತ್ತು. ಅಮಸಿದ್ದಪ್ಪ ಮುಂದಿನ ಟಗರನ್ನೇ ನೋಡುತ್ತಿದ್ದ. ಹಿಂಡು ಸರಿದ ಮೇಲೆ ಗೇರು ಬದಲಿಸಿ, ಜೋರು ಬಿಟ್ಟ.

ಅವಳು ಮನೆಯವರೆಗೂ ಅತ್ತಳು. ನೋವಿಗೆ ಅಳುತ್ತಾಳೆಂದು ಅವನು ಎರಡು ಸಲ ನಿಲ್ಲಿಸಿ ಕೇಳಿದ. ಏನಿಲ್ಲ ನಡೀರಿ ಎಂದಳು. ಆ ದಿನ ಸಂಜೆ ತಾನೇ ಒಲೆ ಮುಂದೆ ಕೂತು, ಸೋಮವ್ವ ಬೇಡ ಬೇಡವೆಂದರೂ, ಗಂಡನಿಗೆಂದು ಒಂದು ರೊಟ್ಟಿ ಬಡಿದಳು. ಪುಂಡಿಪಲ್ಯದೊಂದಿಗೆ ಅದನ್ನು ತಾಟಿಗೆ ಹಾಕಿ, ಎದುರಿಗೆ ಕೂತು ಉಣ್ಣುವುದನ್ನು ನೋಡಿದಳು. ಅವನಿಗೆ ಯಾಕೆಂದು ತಿಳಿಯಲಿಲ್ಲ, ಕೇಳಲಿಲ್ಲ. ಆಮೇಲೆ ಅವಳು ಎದ್ದು ಒಲೆಗೆ ಹೋದದ್ದಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ, ಸೋಮವ್ವ ಬಾಯಿಗೆ ಮಜ್ಜಿಗೆ ಬಿಡುತ್ತಿರುವಾಗ, ತೀರಿಕೊಂಡಳು. ಮುತ್ತೈದೆ ಸಾವೆಂದು ಹಸಿರು ಬಳೆ ತೊಡಿಸಿ ಮಣ್ಣು ಮಾಡಿದರು.

ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಅಮಸಿದ್ದಪ್ಪ ಊಟಕ್ಕೆ ಕೂತ. ಮಲಕಪ್ಪ ಗೋಡೆಗೆ ಆತು ಕೂತಿದ್ದ. ಅಪ್ಪ, ತಾಟು ನೋಡುತ್ತಲೇ, ಗಾಡಿ ಮಾರಿ ಗಿರಣಿ ಹಾಕಿಕೋ, ನಿಮ್ಮವ್ವ ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದಳು, ಅದರೊಳಗೆ ನಾನಿನ್ನು ಕೂಡಲಾರೆ ಎಂದ. ಆಗ ಸೋಮವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವಳು ಮಾವನ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಹೇಳಿದ್ದನ್ನು ಮುಟ್ಟಿಸುವವಳು ಈಗ ಇರಲಿಲ್ಲವಲ್ಲ.

“ಅತ್ತಿಗೆ ಸಿಟ್ಟಿರಲಿಲ್ರಿ ಮಾವ. ಕುರಿ ಹಿಂಡು ಅಡ್ಡ ಬಂದಿತ್ತಂತಲ್ರಿ, ಅವತ್ತು ನಿಮ್ಮನ್ನ ಪರೀಕ್ಷಾ ಮಾಡಿದ್ರು. ಬಳಿ ಬಡೀಲಾರದ ಒಂದು ಮಾತು ಹೇಳಿದ್ರಂತ. ನೀವು ತಿರುಗಿ ನೋಡಲಿಲ್ಲಂತ. ‘ಆ ಮಾತು ಕೇಳಿ ಯಾವ ಗಂಡಸೂ ಸುಮ್ಮನ ಇರಂಗಿಲ್ಲವ್ವ, ಅವರಿಗೆ ಖರೇನ ಕೇಳಸಂಗಿಲ್ಲ, ನಾ ಸುಮ್ಮನ ತಪ್ಪ ತಿಳಕೊಂಡಿದ್ದೆ’ ಅಂತ ನನ್ನ ಮುಂದ ಅತ್ರು.”

ಮಲಕಪ್ಪ ತಲೆ ಎತ್ತಿ ಅಪ್ಪನ ಕಡೆ ನೋಡಿದ. ಅಮಸಿದ್ದಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. ಅವಳು ನಂಬಿದ್ದಳು. ನಂಬಿಸಪ್ಪ ಎಂದು ಮೂರು ತಿಂಗಳು ಬೀರಪ್ಪನನ್ನು ಅವನು ಬೇಡಿಕೊಂಡದ್ದು ಈಡೇರಿತ್ತು, ಅವನಿಗೇ ಗೊತ್ತಿಲ್ಲದ ಹಾಗೆ. ಮುಖದ ಮೇಲೆ ಸ್ವಲ್ಪ ಬೆಳಕು ಬಂದು, ಅಲ್ಲಿಯೇ ನಿಂತಿತು.

“ಏನ್ ಮಾತಂತವ್ವ ಅದು?” ಎಂದು ಕೇಳಿದ.

ಸೋಮವ್ವ ಸೆರಗಿನ ತುದಿ ತಿರುವಿದಳು. “ನಾನೂ ಕೇಳಿದ್ನಿರಿ. ‘ಅದು ಅವರಿಗಂತ ಆಡಿದ ಮಾತು, ನಿನಗ್ಯಾಕವ್ವ’ ಅಂದ್ರು. ಹೇಳಲಿಲ್ರಿ.”

ಅಮಸಿದ್ದಪ್ಪ ತುತ್ತನ್ನು ತಾಟಿನಲ್ಲಿಟ್ಟು, ಅಲ್ಲಿಯೇ ಕೈ ತೊಳೆದ.

ಮರುದಿನ ಮನೆಯಲ್ಲಿ ಹಿಟ್ಟಿರಲಿಲ್ಲ. ಮುಂಜಾನೆ ಅವನು ಛಪ್ಪರದಿಂದ ಗಾಡಿ ತೆಗೆದ. ಎಷ್ಟೋ ತಿಂಗಳಿಂದ ಗಾಡಿ ಮುಟ್ಟದಿದ್ದ ಮಲಕಪ್ಪ ತಾನೇ ಜೋಳದ ಚೀಲ ಹೆಗಲ ಮೇಲೆ ಹೊತ್ತು ತಂದು, ಎಡಗಡೆಯ ಸೀಟಿಗೆ ಇಳಿಸಲು ಬಗ್ಗಿದ. ಕರಿ ಕಂಬಳಿ ಅಲ್ಲಿ ಹಾಸಿದ ಹಾಗೇ ಇತ್ತು.

“ಅಲ್ಲಿ ಬ್ಯಾಡಪ್ಪ,” ಎಂದ ಅಮಸಿದ್ದಪ್ಪ. “ಹಿಂದ ಕಟ್ಟು.”

ಮಲಕಪ್ಪ ಹಗ್ಗ ತಂದು, ಚೀಲವನ್ನು ಹಿಂದೆ ಬಿಗಿದು ಕಟ್ಟಿದ.